ಪೆಟ್ಟಿಗೆ ಮಾರಿದವರು ನಾವೇ



ನವೆಂಬರ್ ಬಂತೆಂದರೆ ನಾವೆಲ್ಲರೂ ಅಪ್ಪಟ ಕನ್ನಡಿಗರು. ಧ್ವಜ ಏರಿಸುತ್ತೇವೆ, ನಾಡಗೀತೆ ಹಾಡುತ್ತೇವೆ, ಮಕ್ಕಳಿಗೆ ಪಂಚೆ ಉಡಿಸಿ ವೇದಿಕೆ ಹತ್ತಿಸುತ್ತೇವೆ, ಬಿಸಿಬೇಳೆಬಾತು ಉಂಡು ಮನೆಗೆ ಹೋಗುತ್ತೇವೆ. ಭಾಷೆ ಉಳಿಯಬೇಕು, ಸಂಸ್ಕೃತಿ ಉಳಿಯಬೇಕು ಎಂದು ಮೈಕಿನ ಮುಂದೆ ನಿಂತು ಹೇಳಿದವರಲ್ಲಿ ನಾನೂ ಒಬ್ಬ. ಈ ಸಲ ಭಾಷಣ ಬೇಡ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಜ್ಜಿಯ ಮರದ ಪೆಟ್ಟಿಗೆ ಈಗ ಎಲ್ಲಿದೆ?

ಹಿತ್ತಾಳೆ ಪಟ್ಟಿ ಹೊಡೆದ ಪೆಟ್ಟಿಗೆ. ಊರು ಬದಲಾದರೆ ಹೆಸರು ಬದಲಾಗುತ್ತದೆ. ಉತ್ತರ ಕರ್ನಾಟಕದವರು ಸಂದೂಕ ಎನ್ನುತ್ತಾರೆ, ತುಳುನಾಡಿನವರು ಕಲೆಂಬಿ ಎನ್ನುತ್ತಾರೆ, ನಮ್ಮ ಪಕ್ಕದ ಮನೆಯ ತೆಲುಗರು ಭೋಷಾಣಂ ಎನ್ನುತ್ತಾರೆ. ಮಲಬಾರಿಗೆ ಹತ್ತಿರವಿರುವ ಕಾಸರಗೋಡಿನವರು ಹಿತ್ತಾಳೆಯ ಕೆಲಸದ ನೆಟ್ಟೂರು ಪೆಟ್ಟಿಯನ್ನೂ ಬಲ್ಲರು. ಹೆಸರು ಏನಾದರೂ ಇರಲಿ, ನಮ್ಮ ಪೈಕಿ ಬಹುತೇಕ ಪ್ರತಿಯೊಂದು ಮನೆಯಲ್ಲೂ ಇಂಥದ್ದೊಂದು ಇತ್ತು. ಈಗ ಎಷ್ಟು ಮನೆಯಲ್ಲಿದೆ? ಕೈ ಎತ್ತಿ ಎಂದರೆ ನಾನಂತೂ ಎತ್ತಲಾರೆ. ಏಕೆಂದರೆ ನಮ್ಮದನ್ನು ಮಾರಿದವನು ನಾನೇ. ಆದ್ದರಿಂದ ಈ ಲೇಖನದಲ್ಲಿ ಯಾರಿಗಾದರೂ ಬೈಗುಳ ತಗುಲಿದರೆ, ಮೊದಲ ಪಾಲು ನನ್ನದೇ ಎಂದು ತಿಳಿದು ಮುಂದೆ ಓದಬೇಕಾಗಿ ವಿನಂತಿ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಮಗಳಿಂದ. ಅವಳಿಗೆ, ಇವತ್ತಿನ ಎಲ್ಲ ಹುಡುಗಿಯರಿಗೂ ಇರುವಂತೆ, ಕೊರಿಯಾ ದೇಶದ ಧಾರಾವಾಹಿಗಳ ಹುಚ್ಚು. ಒಂದು ಭಾನುವಾರ ಯಾವುದೋ ರಾಜರ ಕಾಲದ ಕಥೆ ನೋಡುತ್ತಿದ್ದಳು. ಕೋಣೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ, ಮೈತುಂಬ ಲೋಹದ ಪಟ್ಟಿ, ಚಿಟ್ಟೆಯಾಕಾರದ ಕೀಲು, ಉದ್ದನೆಯ ಬೀಗ. "ಅಪ್ಪಾ, ಎಷ್ಟು ಚೆನ್ನಾಗಿದೆ ನೋಡು! ನಮ್ಮಲ್ಲೂ ಇಂಥದ್ದು ಇರುತ್ತಿತ್ತಾ?" ಎಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಮ್ಮ ಏನೂ ಹೇಳದೆ ಎದ್ದು ಒಳಗೆ ಹೋದರು.

ಇರುತ್ತಿತ್ತು ಮಗಳೇ. ಅದರ ಕಥೆ ಹೇಳುತ್ತೇನೆ.

ನಮ್ಮದು ಸಾಗರದ ಕಡೆಯ ಹಳ್ಳಿ. ನನ್ನ ಅಜ್ಜನ ತಾಯಿಯ ಮದುವೆಗೆಂದು ಊರ ಆಚಾರಿಯಿಂದ ಮಾಡಿಸಿದ ಹಲಸಿನ ಮರದ ಪೆಟ್ಟಿಗೆ ಅದು. ಮೂಲೆಮೂಲೆಗೆ ಹಿತ್ತಾಳೆ ಪಟ್ಟಿ, ಎದುರಿಗೆ ಹೂವಿನ ಬಿಲ್ಲೆ, ಎರಡು ಪಕ್ಕಕ್ಕೆ ಎತ್ತಲು ಕಡಗ. ಹಲಗೆಗಳನ್ನು ಮೊಳೆಯಿಂದ ಜಡಿದಿರಲಿಲ್ಲ, ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಕೂಡಿಸಿದ್ದರು. 1978ರಲ್ಲಿ ಅಪ್ಪ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದಾಗ ರೈಲಿನ ಗೂಡ್ಸ್‌ನಲ್ಲಿ ಅದೂ ಬಂತು. ಅಮ್ಮನ ಧಾರೆ ಸೀರೆ, ಬೆಳ್ಳಿ ಪಂಚಪಾತ್ರೆ, ಊರಿನ ಜಮೀನಿನ ಕಾಗದ, ಚಳಿಗಾಲದ ಕಂಬಳಿ ಎಲ್ಲವೂ ಅದರೊಳಗೆ. ನಾವು ಮಕ್ಕಳು ಅದರ ಮೇಲೆ ಕೂತು ಓದಿದವರು, ಅದರ ಮೇಲೆ ಮಲಗಿ ಜ್ವರ ಕಳೆದವರು.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿದೆ. ನಮ್ಮ ಮನೆಯ ಕಿಟಕಿಯ ಗಾಜು ಒಂದೂ ಉಳಿಯಲಿಲ್ಲ. ಮಳೆಯೆಲ್ಲ ಮನೆಯೊಳಗೇ ಸುರಿಯಿತು. ಎರಡು ವರ್ಷದ ಹಿಂದೆ ಕಂತಿನ ಮೇಲೆ ಕೊಂಡಿದ್ದ ಮರದ ಪುಡಿ ಹಲಗೆಯ ಬೀರು ನೀರು ಕುಡಿದು ಇಡ್ಲಿಯಂತೆ ಉಬ್ಬಿತು, ಬಾಗಿಲು ಕಳಚಿ ಬಿತ್ತು. ಪೆಟ್ಟಿಗೆ ಮಾತ್ರ ಇದ್ದ ಜಾಗದಲ್ಲೇ ಇತ್ತು. ಮುಚ್ಚಳ ತೆಗೆದರೆ ಒಳಗಿನ ಕಂಬಳಿಗೆ ತೇವವೂ ತಗುಲಿರಲಿಲ್ಲ. ಸರಿ, ಅದಾದ ಮುಂದಿನ ವರ್ಷ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಎರಡು ಕೋಣೆಯ ಮನೆ, ಮೂರನೆಯ ಮಹಡಿ, ಕಿರಿದಾದ ಮೆಟ್ಟಿಲು. ಆಗ ನಾನು ಯಾವುದನ್ನು ಉಳಿಸಿಕೊಂಡೆ, ಯಾವುದನ್ನು ಮಾರಿದೆ ಗೊತ್ತೇ? ಹೊಸ ಬೀರು ಕೊಂಡೆ, ಹಳೆಯ ಪೆಟ್ಟಿಗೆಯನ್ನು ಹಳೇ ಸಾಮಾನಿನವನಿಗೆ ಎರಡೂವರೆ ಸಾವಿರಕ್ಕೆ ಕೊಟ್ಟೆ. ಎರಡು ಆಳು ಬಂದು ಹೊತ್ತುಕೊಂಡು ಹೋದರು. "ಬರುವು ಉಂದಿ ಸಾರ್" ಎಂದು ಒಬ್ಬ ಏದುಸಿರು ಬಿಟ್ಟ. ಭಾರ ಇತ್ತು, ನಿಜ. ಅದರ ತೂಕ ಅವನಿಗೆ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ.

ಅಮ್ಮ ಅವತ್ತು ಊರಿಗೆ ಹೋಗಿದ್ದರು. ಬಂದ ಮೇಲೆ ಖಾಲಿ ಮೂಲೆ ನೋಡಿದರು. ಬೈಯಲಿಲ್ಲ. ರಾತ್ರಿ ಊಟ ಬಡಿಸುವಾಗ ಒಂದೇ ಮಾತು ಕೇಳಿದರು: "ಹೋಗಲಿ ಬಿಡು. ಮುಚ್ಚಳದ ಒಳಗೆ ಬರೆದಿದ್ದನ್ನಾದ್ರೂ ಬರ್ಕಂಡಿದ್ಯಾ?"

ನಾನು ಬರೆದುಕೊಂಡಿರಲಿಲ್ಲ. ಮುಚ್ಚಳದ ಒಳಮೈಯಲ್ಲಿ ಅಜ್ಜ ಮನೆಯಲ್ಲಿ ಹುಟ್ಟಿದ ಮಕ್ಕಳ ದಿನ, ತಿಥಿ, ನಕ್ಷತ್ರ ಬರೆಯುತ್ತಿದ್ದರು. ನನ್ನದನ್ನು ಅಪ್ಪ ಬಾಲ್ ಪೆನ್ನಿನಲ್ಲಿ ಬರೆದಿದ್ದರು. ಅವುಗಳ ನಡುವೆ ಒಂದು ಸಾಲು, ನನಗಿಂತ ಮೊದಲು ಹುಟ್ಟಿ ಮೂರು ತಿಂಗಳಿಗೆ ತೀರಿಕೊಂಡ ನನ್ನ ಅಕ್ಕನದು. ಆ ಮಗುವಿನ ಫೋಟೋ ಇಲ್ಲ, ಜನನ ಪತ್ರವಿಲ್ಲ, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲ. ಅದು ಈ ಭೂಮಿಯ ಮೇಲೆ ಇತ್ತು ಎನ್ನುವುದಕ್ಕೆ ಅಜ್ಜನ ಅಕ್ಷರದಲ್ಲಿದ್ದ ಆ ಒಂದು ಸಾಲೇ ದಾಖಲೆ. ದಿನವೆಲ್ಲ ಫೈಲುಗಳಿಗೆ ನಂಬರು ಹಾಕಿ ದಾಖಲೆ ಕಾಯುವುದೇ ಉದ್ಯೋಗವಾಗಿರುವ ನಾನು, ನನ್ನ ಮನೆಯ ಏಕೈಕ ದಾಖಲೆಯನ್ನು ಎರಡೂವರೆ ಸಾವಿರಕ್ಕೆ ವಿಲೇವಾರಿ ಮಾಡಿದ್ದೆ. ಮರುವಾರವೇ ರಾತ್ರಿ ರೈಲು ಹಿಡಿದು ವಿಶಾಖಪಟ್ಟಣಕ್ಕೆ ಹೋದೆ. "ಅದಿ ಅಪ್ಪುಡೇ ವೆಳ್ಳಿಪೋಯಿಂದಿ ಸಾರ್" ಎಂದ ಅಂಗಡಿಯವನು. ಯಾರಿಗೆ ಎಂದು ಅವನು ಬರೆದಿಟ್ಟಿರಲಿಲ್ಲ. ಅವನದೇನು ತಪ್ಪು? ನಾನೂ ಬರೆದಿಟ್ಟಿರಲಿಲ್ಲವಲ್ಲ.

ಈಗ ನಮ್ಮ ಸಾಮಾನ್ಯ ನೆಪಗಳನ್ನು ಒಂದೊಂದಾಗಿ ನೋಡೋಣ. ಇವೆಲ್ಲವನ್ನೂ ನಾನೇ ಹೇಳಿದ್ದೇನಾದ್ದರಿಂದ ಚೆನ್ನಾಗಿ ಬಲ್ಲೆ.

ಮೊದಲನೆಯದು, "ನಮ್ಮದು ವರ್ಗಾವಣೆಯ ನೌಕರಿ." ವರ್ಗವಾದಾಗ ಮನೆ ಸಾಮಾನು ಸಾಗಿಸಲು ಸರಕಾರ ಖರ್ಚು ಕೊಡುತ್ತದೆ, ತೂಕಕ್ಕೆ ಮಿತಿಯೂ ಇದೆ. ಆ ಮಿತಿಯಲ್ಲಿ ಒಂದು ಪೆಟ್ಟಿಗೆಯ ಪಾಲು ಎಷ್ಟು? ಸೋಫಾ, ಡಬಲ್ ಕಾಟು, ವಾಷಿಂಗ್ ಮೆಷೀನು ಎಲ್ಲಕ್ಕೂ ಲಾರಿಯಲ್ಲಿ ಜಾಗವಿರುತ್ತದೆ. ಅಜ್ಜಿಯ ಪೆಟ್ಟಿಗೆ ಬಂದಾಗ ಮಾತ್ರ ಲಾರಿ ತುಂಬಿಬಿಡುತ್ತದೆ.

ಎರಡನೆಯದು, "ಫ್ಲ್ಯಾಟಿನಲ್ಲಿ ಜಾಗವೆಲ್ಲಿ?" ಪೆಟ್ಟಿಗೆ ಹುಟ್ಟಿದ್ದೇ ಜಾಗವಿಲ್ಲದ ಮನೆಗೆ. ಅದು ಕಪಾಟೂ ಹೌದು, ಕೂರುವ ಮಣೆಯೂ ಹೌದು, ಅತಿಥಿ ಬಂದರೆ ಮಂಚವೂ ಹೌದು. ಒಂದೇ ಕೆಲಸ ಮಾಡುವ ಮೂರು ಸಾಮಾನು ಕೊಂಡು, ಮೂರು ಕೆಲಸ ಮಾಡುವ ಒಂದನ್ನು ಮಾರುವುದು ಯಾವ ಲೆಕ್ಕ?

ಮೂರನೆಯದು, "ಹಳೇ ಮರ, ಗೆದ್ದಲು ಹತ್ತುತ್ತದೆ." ಗೆದ್ದಲು ಹೊಸ ಹಲಗೆಗೂ ಹತ್ತುತ್ತದೆ. ಪೆಟ್ಟಿಗೆಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಸ್ವಲ್ಪ ಎತ್ತರ ಇಟ್ಟು, ತಿಂಗಳಿಗೊಮ್ಮೆ ಕೆಳಗೆ ಬಗ್ಗಿ ನೋಡಿದರೆ ಸಾಕು. ಬಗ್ಗಿ ನೋಡಲು ಸೋಮಾರಿತನ, ಹೆಸರು ಮಾತ್ರ ಗೆದ್ದಲಿನದು. ಇನ್ನು ಬಾಳಿಕೆಯ ಮಾತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಅರ್ಧ ಊರಿನೊಳಗೆ ನೀರು ನಿಂತಾಗ, ನೀರಿಳಿದ ಮೇಲೆ ಬೀದಿಬೀದಿಯಲ್ಲಿ ರಾಶಿ ಬಿದ್ದಿದ್ದು ಏನು? ನಾವು ಹೊಸದೆಂದು ಕೊಂಡ ಪುಡಿ ಹಲಗೆಯ ಬೀರುಗಳು, ಟಿ.ವಿ. ಸ್ಟ್ಯಾಂಡುಗಳು. ಕಂತು ತೀರುವ ಮೊದಲೇ ಸಾಮಾನು ತೀರಿತ್ತು.

ನಾಲ್ಕನೆಯ ನೆಪವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮನೆಗೆ ಬಂದವರು ಏನೆಂದುಕೊಂಡಾರು ಎಂಬ ನಾಚಿಕೆ ಅದು. ಹೊಟ್ಟೆಪಾಡಿಗೆ ಬೇರೆ ಊರಿಗೆ ಬಂದ ನಾವು, ನಾವೂ ಮುಂದುವರಿದವರು ಎಂದು ತೋರಿಸಿಕೊಳ್ಳುವ ಅವಸರದಲ್ಲಿ ಮೊದಲು ಹೊರಗೆ ಹಾಕುವುದೇ ನಮ್ಮ ಊರಿನ ಗುರುತನ್ನು. ಆಮೇಲೆ ಅದೇ ಪೆಟ್ಟಿಗೆಯನ್ನು ಯಾವುದೋ ದೊಡ್ಡ ಹೋಟೆಲಿನ ಹಜಾರದಲ್ಲಿ, ಮೇಲೆ ಗಾಜು ಹಾಕಿ ಕಾಫಿ ಮೇಜು ಮಾಡಿಟ್ಟಿದ್ದನ್ನು ಕಂಡರೆ "ಆಹಾ, ಆಂಟಿಕ್!" ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು?

ಮಗಳು ತೋರಿಸಿದ ಕೊರಿಯಾದ ಪೆಟ್ಟಿಗೆಗೆ ಬರುತ್ತೇನೆ. ಕೊರಿಯಾ ನಮಗೆ ತೀರ ದೂರದ ದೇಶವೇನಲ್ಲ. 1565ರ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡೆಯ ಬಳಿ 2019ರಿಂದ ಕೊರಿಯಾದ ಕಾರುಗಳೇ ತಯಾರಾಗುತ್ತಿವೆ. ಅವರ ಕಾರನ್ನು ಬಲ್ಲ ನಾವು ಅವರ ಪೆಟ್ಟಿಗೆಯನ್ನೂ ಸ್ವಲ್ಪ ತಿಳಿಯಬೇಕು ಎಂದು ಕೈಗೆ ಸಿಕ್ಕಿದ್ದನ್ನು ಓದಿದೆ.

ಅದರ ಹೆಸರು ಬಂದಾಜಿ. ನಮ್ಮ ಪೆಟ್ಟಿಗೆಯಂತೆ ಅದಕ್ಕೆ ಮೇಲಿನ ಮುಚ್ಚಳವಿಲ್ಲ. ಎದುರಿನ ಹಲಗೆಯ ಮೇಲರ್ಧ ಮಾತ್ರ ಕೀಲಿನ ಮೇಲೆ ಮುಂದಕ್ಕೆ ಬೀಳುತ್ತದೆ. ಹೀಗೇಕೆಂದರೆ ಪೆಟ್ಟಿಗೆಯ ಮೇಲೆ ಹಾಸಿಗೆ ಹೊದಿಕೆಗಳನ್ನು ಮಡಿಸಿಡುತ್ತಿದ್ದರು. ಬಾಗಿಲು ತೆರೆಯಲು ಹಾಸಿಗೆ ಇಳಿಸಬೇಕಾಗಿಲ್ಲ. ಅಲ್ಲಿ ನೆಲದಡಿಯಲ್ಲಿ ಬಿಸಿ ಹಾಯಿಸಿ ಮನೆ ಬೆಚ್ಚಗಿಡುವ ಪದ್ಧತಿ. ಜನ ನೆಲದ ಮೇಲೇ ಕೂರುವವರು, ಮಲಗುವವರು. ಆದ್ದರಿಂದ ಸಾಮಾನೆಲ್ಲ ಗಿಡ್ಡ, ಮರಕ್ಕೆ ನೆಲದ ಬಿಸಿ ನೇರವಾಗಿ ತಾಗದಂತೆ ಕೆಳಗೆ ಕಾಲು. ಬಟ್ಟೆ ಇಡುವ ಪೆಟ್ಟಿಗೆಗೆ ಹಗುರವಾದ ಪೌಲೋನಿಯಾ ಮರ, ಗಟ್ಟಿ ಕೆಲಸಕ್ಕೆ ಜೆಲ್ಕೋವಾ ಮತ್ತು ಪೈನ್. ಮೂಲೆಗಳಿಗೆ ಕಬ್ಬಿಣ ಅಥವಾ ಹಿತ್ತಾಳೆಯ ಪಟ್ಟಿ. ಪಟ್ಟಿ ಬರೀ ಅಲಂಕಾರವಲ್ಲ, ಹಲಗೆ ಕೂಡಿದ ಜಾಗವನ್ನು ಹಿಡಿದಿಡುವ ಕೈ ಅದು. ಬೀಗ ಕೆಲವು ಸಲ ಮೀನಿನ ಆಕಾರದಲ್ಲಿರುತ್ತದೆ. ಮೀನು ಕಣ್ಣು ಮುಚ್ಚುವುದಿಲ್ಲವಲ್ಲ, ರಾತ್ರಿಯಿಡೀ ಕಾವಲಿರಲಿ ಎಂದು! ಬಾವಲಿಯ ಚಿತ್ರವೂ ಉಂಟು. ಅವರ ನುಡಿಯಲ್ಲಿ ಬಾವಲಿಗೂ ಭಾಗ್ಯಕ್ಕೂ ಒಂದೇ ಉಚ್ಚಾರದ ಅಕ್ಷರ ಬರುತ್ತದಂತೆ. ಪ್ರಾಂತ್ಯಕ್ಕೊಂದು ಬಗೆ, ಗಂಗ್ವಾ ದ್ವೀಪದ ಬಂದಾಜಿಯೆಂದರೆ ಬಲ್ಲವರು ಕಣ್ಣರಳಿಸುತ್ತಾರೆ.

ಆ ದೇಶದವರೂ ಮಾರಿದರು. 1950ರಿಂದ 1953ರವರೆಗಿನ ಯುದ್ಧದಲ್ಲಿ ಮನೆಮಠ ಸುಟ್ಟುಹೋಗಿ, ಹೊಟ್ಟೆಗಿಲ್ಲದೆ ಜನ ಮಾರಿದ್ದನ್ನು ಯಾರು ತಪ್ಪೆಂದಾರು? ಮುಂದೆ ಅಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕ ಕುಟುಂಬಗಳು ಊರಿಗೆ ಮರಳುವಾಗ ಇಂಥ ಪೆಟ್ಟಿಗೆಗಳನ್ನು ಕೊಂಡೊಯ್ದವು. ಆದರೆ ಆ ಜನ ಅಲ್ಲಿಗೇ ಕೈಕಟ್ಟಿ ಕೂರಲಿಲ್ಲ. 1962ರಲ್ಲಿ ಪರಂಪರೆಯ ರಕ್ಷಣೆಗೆ ಕಾನೂನು ತಂದರು. ವಸ್ತುವನ್ನು ಮಾತ್ರವಲ್ಲ, ಅದನ್ನು ಮಾಡುವ ಕೈಯನ್ನೂ ರಾಷ್ಟ್ರದ ಆಸ್ತಿ ಎಂದು ಆ ಕಾನೂನು ಗುರುತಿಸಿತು. 1975ರಲ್ಲಿ ಮರದ ಸಾಮಾನು ಮಾಡುವ ಬಡಗಿಯ ವಿದ್ಯೆಯನ್ನು ಆ ಪಟ್ಟಿಗೆ ಸೇರಿಸಿದರು. 1980ರಲ್ಲಿ ಪೆಟ್ಟಿಗೆಗೆ ಲೋಹದ ಪಟ್ಟಿ, ಕೀಲು, ಬೀಗ ಮಾಡುವವನ ವಿದ್ಯೆಯನ್ನು ಬೇರೆಯಾಗಿಯೇ ಸೇರಿಸಿದರು. ಇದನ್ನು ಗಮನಿಸಿ. ಮರಗೆಲಸಕ್ಕೊಂದು, ಲೋಹಗೆಲಸಕ್ಕೊಂದು, ಹೀಗೆ ಎರಡು ಪ್ರತ್ಯೇಕ ಮಾನ್ಯತೆ. ಮಾನ್ಯತೆ ಪಡೆದ ಕುಶಲಕರ್ಮಿಗೆ ಸರಕಾರದ ಮಾಸಾಶನ, ಅವನ ಮೇಲೆ ಶಿಷ್ಯರಿಗೆ ಕಲಿಸುವ ಹೊಣೆ.

"ಅವರು ಶ್ರೀಮಂತರು, ಮಾಡುತ್ತಾರೆ" ಎಂದು ಯಾರೋ ಹೇಳುತ್ತಿರುವುದು ಕೇಳಿಸಿತು. ಸ್ವಾಮಿ, 1962ರಲ್ಲಿ ಕೊರಿಯಾ ಶ್ರೀಮಂತ ದೇಶವಾಗಿರಲಿಲ್ಲ. ಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ. ಬಡತನದಲ್ಲಿದ್ದಾಗ ಅವರು ಕಾನೂನು ಮಾಡಿದರು. ನಾವು ಸಂಬಳ ಹೆಚ್ಚಾದ ಮೇಲೆ ಪೆಟ್ಟಿಗೆ ಮಾರಿದೆವು.

ಕೊರಿಯಾದ ಮಾತು ಬೇಡವೆಂದರೆ ನಾವು ಅನ್ನ ತಿನ್ನುವ ವಿಶಾಖಪಟ್ಟಣದ ಕಥೆಯನ್ನೇ ಕೇಳಿ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 18ನೆಯ ಶತಮಾನದಲ್ಲಿ, ಈ ಊರಿನ ಪೆಟ್ಟಿಗೆಗಳು ಲೋಕಪ್ರಸಿದ್ಧವಾಗಿದ್ದವು. ಮೊದಮೊದಲು ಗಟ್ಟಿ ಮರದಲ್ಲಿ ದಂತದ ಹೂಬಳ್ಳಿ ಕೂರಿಸುತ್ತಿದ್ದರು. ಆಮೇಲೆ ಇಡೀ ಪೆಟ್ಟಿಗೆಗೇ ದಂತದ ತೆಳುಹಾಳೆ ಹೊದಿಸಿ, ಅದರಲ್ಲಿ ಸೂಜಿಯಂಥ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಕರಿಯ ಅರಗು ತುಂಬುತ್ತಿದ್ದರು. ಒಳಮೈ ಅನೇಕ ಸಲ ಶ್ರೀಗಂಧದ್ದು, ಕೊಂಡಿ ಬೀಗಗಳು ಕೆಲವಕ್ಕೆ ಬೆಳ್ಳಿಯವು. ಕಂಪನಿಯ ದೊಡ್ಡ ಅಧಿಕಾರಿಗಳು ಹಡಗಿನಲ್ಲಿ ಊರಿಗೆ ಒಯ್ದರು. ಇವತ್ತು ಆ ಕೆಲಸ ನೋಡಬೇಕೆಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಬೇಕು, ಇಲ್ಲವೆ ವಿದೇಶದ ಹರಾಜು ಮನೆಗಳ ಪಟ್ಟಿ ತೆರೆಯಬೇಕು. ನಾನು ಹುಟ್ಟಿ ಬೆಳೆದ ವಿಶಾಖಪಟ್ಟಣದಲ್ಲಿ, ಈ ಊರಿನ ಹೆಸರು ಹೊತ್ತ ಒಂದು ಪೆಟ್ಟಿಗೆಯನ್ನು ಶಾಲೆಯ ದಿನಗಳಲ್ಲಿ ಯಾವ ಮೇಷ್ಟರೂ ನನಗೆ ತೋರಿಸಲಿಲ್ಲ. ತೋರಿಸಲು ಇದ್ದರಲ್ಲವೇ!

ತಪ್ಪು ತಿಳಿಯಬೇಡಿ. ದಂತದ ಕೆಲಸ ಮತ್ತೆ ಬರಲಿ ಎನ್ನುತ್ತಿಲ್ಲ. 1972ರ ವನ್ಯಜೀವಿ ಕಾನೂನು, 1986ರ ತಿದ್ದುಪಡಿ ಎಲ್ಲ ಸೇರಿ ನಮ್ಮ ಆನೆಯ ದಂತದ ವ್ಯಾಪಾರ ನಿಂತದ್ದು ಒಳ್ಳೆಯದೇ ಆಯಿತು. ಆನೆ ಬದುಕಲಿ. ನನ್ನ ದುಃಖ ಬೇರೆ. ಒಂದು ಊರು ತಾನು ಮಾಡಿದ್ದನ್ನೆಲ್ಲ ಕೊಟ್ಟುಬಿಟ್ಟು, ತನಗೊಂದು ಮಾದರಿಯನ್ನೂ ಉಳಿಸಿಕೊಳ್ಳದಿದ್ದರೆ, ಎರಡು ತಲೆಮಾರಿನಲ್ಲಿ ತಾನು ಅದನ್ನು ಮಾಡಿದ್ದೆ ಎಂಬುದನ್ನೇ ಮರೆಯುತ್ತದೆ. ಅಂದು ಊರಿಗೆ ಆದದ್ದು ಇಂದು ನಮ್ಮ ಮನೆಗಳಿಗೆ ಆಗುತ್ತಿದೆ. ಅಂದು ಕೊಂಡವರು ಆಳುವವರು, ಬೇಡವೆನ್ನುವ ಧೈರ್ಯ ಬಡ ಕಮ್ಸಾಲಿಗಿರಲಿಲ್ಲ. ಇಂದು ನಮ್ಮ ಕತ್ತಿನ ಮೇಲೆ ಯಾರೂ ಕತ್ತಿ ಇಟ್ಟಿಲ್ಲ.

ಇನ್ನು ಮಾರದೆ ಇಟ್ಟುಕೊಂಡ ಪುಣ್ಯವಂತರಿಗೂ ಒಂದೆರಡು ಮಾತು. ನಿಮ್ಮಲ್ಲಿ ಕೆಲವರು ಪ್ರೀತಿಯಿಂದಲೇ ಪೆಟ್ಟಿಗೆಯನ್ನು ಕೊಲ್ಲುತ್ತಿದ್ದೀರಿ. ಹಬ್ಬ ಬಂತೆಂದರೆ ಹುಣಸೆಹಣ್ಣು, ಉಪ್ಪು ಹಾಕಿ ಹಿತ್ತಾಳೆ ಪಟ್ಟಿ ತಿಕ್ಕಿ ಚಿನ್ನದಂತೆ ಹೊಳೆಯಿಸುತ್ತೀರಿ. ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಪಾಸಾಗಿ ಗುಮಾಸ್ತನಾದ ನನಗೆ ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಇದೊಂದೇ ಜಾಗದಲ್ಲಿ, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಕೂಡಿದ ಲೋಹ. ಕಾಲಕ್ರಮದಲ್ಲಿ ಅದರ ಮೇಲೆ ಕೂರುವ ಕಂದು ಪೊರೆ ಕೊಳೆಯಲ್ಲ, ಲೋಹದ ಹೊದಿಕೆ. ಹುಣಸೆಯ ಹುಳಿ ಆ ಪೊರೆಯನ್ನು ಕರಗಿಸಿ ಲೋಹವನ್ನು ಬೆತ್ತಲೆ ಮಾಡುತ್ತದೆ. ತಿಕ್ಕಿದಷ್ಟು ಸಲ ಲೋಹ ಸವೆಯುತ್ತದೆ, ಕೆತ್ತನೆಯ ಗೆರೆ ಅಳಿಯುತ್ತದೆ. ಪಟ್ಟಿಯ ಅಡಿಗೆ ಇಳಿದ ಹುಳಿನೀರು, ಉಪ್ಪು ಅಲ್ಲೇ ಉಳಿದು ಮರವನ್ನೂ ಮೊಳೆಯನ್ನೂ ತಿನ್ನುತ್ತವೆ. ವಿಶಾಖಪಟ್ಟಣದ ಸಮುದ್ರದ ಗಾಳಿಯಲ್ಲಿ ಉಪ್ಪು ಮೊದಲೇ ಇದೆ, ನೀವು ಬೇರೆ ಸೇರಿಸಬೇಕೆ? ಪಾತ್ರೆಯನ್ನು ತಿಕ್ಕಿ, ಅದು ಊಟಕ್ಕೆ ಬೇಕು. ಪೆಟ್ಟಿಗೆಯನ್ನು ಒಣಗಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು.

ಮರದ ಮಾತೂ ಅಷ್ಟೆ. ಮಳೆಗಾಲದಲ್ಲಿ ಮರ ತೇವ ಹೀರಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೆಣೆದ ಕೂಡಿಕೆ ಆ ಉಸಿರಾಟಕ್ಕೆ ಎಡೆ ಕೊಡುತ್ತದೆ. ಬಿರುಕು ಕಂಡಿತೆಂದು ಕಬ್ಬಿಣದ ಮೊಳೆ ಜಡಿದರೆ ಮರದ ಒಗರಿಗೂ ಕಬ್ಬಿಣಕ್ಕೂ ಸೇರಿ ಸುತ್ತ ಕಪ್ಪು ಕಲೆ ಬೀಳುತ್ತದೆ, ಹಲಗೆ ಮೊಳೆಯ ಪಕ್ಕದಲ್ಲೇ ಸೀಳುತ್ತದೆ. ಎ.ಸಿ. ಗಾಳಿ ನೇರ ಬಡಿಯುವ ಕಡೆ, ವಿಜಯವಾಡದ ಮೇ ತಿಂಗಳ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಹೊಸದಾಗಿ ಕಾಣಲೆಂದು ಪೇಂಟು, ವಾರ್ನಿಶು ಬಳಿಯಬೇಡಿ. ಒಳಗೆ ಯಾರ ಅಕ್ಷರವಿದೆಯೋ!

ಇನ್ನೊಂದು ವರ್ಗವಿದೆ. ಅಮೆರಿಕದಲ್ಲಿರುವ ಮಗ, ಲಂಡನ್ನಿನಲ್ಲಿರುವ ಸೊಸೆ ಕೇಳಿದಳೆಂದು ಪೆಟ್ಟಿಗೆಯನ್ನು ಹಡಗಿಗೆ ಹಾಕಲು ಹೊರಡುವವರು. ದಯವಿಟ್ಟು ನಿಲ್ಲಿ. 1972ರ ಪ್ರಾಚೀನ ವಸ್ತುಗಳ ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ, ಕಲೆ ಕುಶಲತೆಗಳನ್ನು ತೋರುವ ವಸ್ತು ಪ್ರಾಚೀನ ವಸ್ತುವೆನಿಸಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಜೈಲು ಶಿಕ್ಷೆಯುಂಟು. ಅಷ್ಟು ಹಳೆಯದಲ್ಲ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಇಂಥ ಪ್ರಾಚೀನ ವಸ್ತುಗಳ ವ್ಯಾಪಾರ ಮಾಡುವವನಿಗೂ ಪರವಾನಗಿ ಬೇಕು. ನನ್ನ ಪೆಟ್ಟಿಗೆಯನ್ನು ಕೊಂಡವನ ಬಳಿ ಪರವಾನಗಿ ಇತ್ತೇ ಎಂದು ನಾನು ಕೇಳಲಿಲ್ಲ. ಕಾನೂನು ಪಾಲಿಸುವ ಸರಕಾರಿ ನೌಕರ ನಾನು!

"ಇದೆಲ್ಲ ಮ್ಯೂಸಿಯಂನವರ ಕೆಲಸ" ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು, ನಮ್ಮ ನಿಮ್ಮಂತೆ ಸಂಬಳದ ಮನುಷ್ಯ. ಊರವರು ಕೆಡವಿ ಸೌದೆಯ ಬೆಲೆಗೆ ಮಾರುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಪೆಟ್ಟಿಗೆಗಳನ್ನು ಕಂಡು ಅವರ ಹೊಟ್ಟೆ ಉರಿಯಿತು. ಮೊದಲು ತಮ್ಮ ಮನೆಯಾದ ಹಸ್ತಶಿಲ್ಪವನ್ನು ಅಂಥ ಮರದಿಂದಲೇ ಕಟ್ಟಿಕೊಂಡರು. ಆಮೇಲೆ ಹರ್ಕೂರಿನ ಮನೆ, ಕುಂಜೂರಿನ ಚೌಕಿಮನೆ ಎಂದು ಇಡಿ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿ ಒಂದು ಪರಂಪರೆಯ ಗ್ರಾಮವನ್ನೇ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು, ಗ್ರಾಮ ಉಳಿಯಿತು. ಒಬ್ಬ ಬ್ಯಾಂಕ್ ನೌಕರ ಮನೆಗಳನ್ನು ಉಳಿಸಿದ. ನಮಗೆ ಒಂದೊಂದು ಪೆಟ್ಟಿಗೆ ಭಾರವಾಯಿತೇ? ಅದೂ ಅಲ್ಲದೆ, ಮ್ಯೂಸಿಯಮ್ಮಿಗೆ ಪೆಟ್ಟಿಗೆಯ ಅಳತೆ ಗೊತ್ತಾಗುತ್ತದೆ, ಮರದ ಜಾತಿ ಗೊತ್ತಾಗುತ್ತದೆ. ಅದರ ಮೇಲೆ ಕೂತು ಯಾರು ಬಸಿರಿಯ ಕಾಲು ಒತ್ತಿದರು, ಯಾರ ಸಾಲಪತ್ರ ಅದರೊಳಗೆ ಮೂವತ್ತು ವರ್ಷ ಬಿದ್ದಿತ್ತು, ಇದೆಲ್ಲ ಮನೆಯವರಿಗೆ ಮಾತ್ರ ಗೊತ್ತು. ಮನೆಯವರು ಹೇಳದಿದ್ದರೆ ಅದು ಬರೀ ಮರ.

ಬೈದು ಸುಮ್ಮನಾಗುವುದು ಸುಲಭ. ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾಲ್ಕು ಬೇಡಿಕೆ ಇಡುತ್ತಿದ್ದೇನೆ.

ಒಂದು, ಸಂಘದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ವಿಶಾಖಪಟ್ಟಣ, ವಿಜಯವಾಡಗಳ ಕನ್ನಡ ಮನೆಗಳಲ್ಲಿ ಉಳಿದಿರುವ ಪ್ರತಿಯೊಂದು ಹಳೆಯ ಪೆಟ್ಟಿಗೆಯ ಅಳತೆ, ಮರ, ಲೋಹ, ಬಂದ ಊರು, ಮಾಡಿಸಿದವರು, ಮಾಡಿದ ಆಚಾರಿಯ ಹೆಸರು ಗೊತ್ತಿದ್ದರೆ ಅದೂ, ಒಳಗೆ ಬರೆದದ್ದು ಏನಾದರೂ ಇದ್ದರೆ ಅಕ್ಷರಕ್ಕೆ ಅಕ್ಷರ ನಕಲು, ಜೊತೆಗೊಂದು ಫೋಟೋ. ಬರೆಯಲು ಗುಮಾಸ್ತ ಬೇಕಾದರೆ ನಾನಿದ್ದೇನೆ. ಸಂಬಳ ಬೇಡ.

ಎರಡು, ಯಾವ ಸದಸ್ಯರಾದರೂ ಪೆಟ್ಟಿಗೆಯನ್ನು ಬಿಡಲೇಬೇಕಾದ ಪರಿಸ್ಥಿತಿ ಬಂದರೆ, ಹಳೇ ಸಾಮಾನಿನ ಅಂಗಡಿಗೆ ಹೋಗುವ ಮೊದಲು ಸಂಘಕ್ಕೆ ತಿಳಿಸಲಿ. ಅಂಗಡಿಯವನು ಕೊಡುವಷ್ಟನ್ನೇ ಕೊಟ್ಟು ನಮ್ಮಲ್ಲೇ ಯಾರಾದರೂ ತೆಗೆದುಕೊಂಡಾರು. ಕಷ್ಟಕ್ಕೆ ಮಾರುವುದು ನಾಚಿಕೆಯಲ್ಲ. ಕಾಣದ ಕೈಗೆ ಮಾರುವುದು ಮಾತ್ರ ಬೇಡ.

ಮೂರು, ರಾಜ್ಯೋತ್ಸವದ ವೇದಿಕೆಯಲ್ಲಿ ಬಾಡಿಗೆ ಸೋಫಾದ ಬದಲು ಒಬ್ಬರ ಮನೆಯ ಪೆಟ್ಟಿಗೆ ತಂದಿಡಿ. ಆ ಮನೆಯ ಹಿರಿಯರು ಹತ್ತು ನಿಮಿಷ ಅದರ ಕಥೆ ಹೇಳಲಿ. ಮಕ್ಕಳಿಗೆ ನಮ್ಮ ಭಾಷಣಕ್ಕಿಂತ ಅದು ಹೆಚ್ಚು ತಲೆಗೆ ಹೋಗುತ್ತದೆ.

ನಾಲ್ಕು, ಮಾಡುವ ಕೈ ಉಳಿಯಬೇಕು. ವಿಜಯವಾಡದ ಪಕ್ಕದಲ್ಲೇ ಕೊಂಡಪಲ್ಲಿಯಲ್ಲಿ ಮರದ ಬೊಂಬೆ ಮಾಡುವ ಕುಟುಂಬಗಳಿವೆ. ವಿಶಾಖಪಟ್ಟಣದಿಂದ ದೂರವಲ್ಲದ ಏಟಿಕೊಪ್ಪಾಕದಲ್ಲಿ ನಮ್ಮ ಚನ್ನಪಟ್ಟಣದವರಂತೆಯೇ ಅರಗಿನ ಬಣ್ಣದ ಮರಗೆಲಸ ಮಾಡುವವರಿದ್ದಾರೆ. ಶ್ರೀಕಾಕುಳದ ಕಡೆ ಬುಡಿತಿಯಲ್ಲಿ ಹಿತ್ತಾಳೆ ಕೆಲಸದವರಿದ್ದಾರೆ. ನಮ್ಮ ಸಾಗರದಲ್ಲಿ ಗುಡಿಗಾರರಿದ್ದಾರೆ. ಮಗಳ ಮದುವೆಗೆ ಲಕ್ಷಾಂತರ ಕೊಟ್ಟು ಬೀರು ಮಂಚ ಕೊಳ್ಳುವವರು ಒಂದು ಹೊಸ ಪೆಟ್ಟಿಗೆಯನ್ನು ಇಂಥ ಕೈಗಳಿಂದ ಮಾಡಿಸಿ ನೋಡಿ. ನೂರು ವರ್ಷದ ಹಿಂದೆ ನನ್ನ ಮುತ್ತಜ್ಜಿಗೂ ಅದು ಹೊಸ ಪೆಟ್ಟಿಗೆಯೇ ಆಗಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನನ್ನದು ಎಂದು ನಗುವವರು ನಗಲಿ. ನನ್ನ ಕೋಟೆ ಕೊಳ್ಳೆ ಹೋಯಿತು. ನಿಮ್ಮದು ಇನ್ನೂ ನಿಂತಿದ್ದರೆ ಇವತ್ತು ಸಂಜೆಯೇ ಒಂದು ಕೆಲಸ ಮಾಡಿ. ಮೇಲಿಟ್ಟ ಹಳೇ ಪೇಪರು, ಇಸ್ತ್ರಿ ಬಟ್ಟೆ ತೆಗೆದು, ಬ್ಯಾಟರಿ ಹಿಡಿದು ಮುಚ್ಚಳದ ಒಳಮೈ ನೋಡಿ. ಏನಾದರೂ ಬರೆದಿದ್ದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳಿ.

ಅಮ್ಮನಿಗೆ ಈಗ ಎಪ್ಪತ್ತಾರು. ಅಕ್ಕ ಹುಟ್ಟಿದ ವರ್ಷ ಅವರಿಗೆ ನೆನಪಿದೆ, ಮಳೆಗಾಲ ಎಂಬುದೂ ನೆನಪಿದೆ. ತಿಥಿ ನಕ್ಷತ್ರ ನೆನಪಿಲ್ಲ. "ಅದು ಪೆಟ್ಟಿಗೆಲಿ ಇತ್ತಲ್ಲ" ಎನ್ನುತ್ತಾರೆ.